ಕಾಸಿಲ್ಲದೆ ತೆಗೆದ ಭಯದ ಸಿನಿಮಾಗಳನ್ನು ನೋಡುವುದು ಹೇಗೆ?

‘ಎಲ್ಲರೂ ಹೊಗಳುತ್ತಾರಲ್ಲ ಅಂತ ಕೂತು ನೋಡಿದೆ. ನಟನೆ ಪೇಲವ, ರಕ್ತ ಬಣ್ಣದ ನೀರಿನ ಹಾಗಿದೆ, ಅರ್ಧ ಸಿನಿಮಾ ಕತ್ತಲೆ. ಇದರಲ್ಲಿ ಅಂಥದ್ದೇನಿದೆ?’ ಹಳೆಯ ಹಾರರ್ ಸಿನಿಮಾಗಳ ಮಾತು ಬಂದಾಗಲೆಲ್ಲ ಓದುಗರು ಕೇಳುವುದು ಇದನ್ನೇ. ನ್ಯಾಯವಾದ ಪ್ರಶ್ನೆ. ಲಕ್ಷ ಡಾಲರಿನ ಒಳಗೆ, ಮೂರು ವಾರದಲ್ಲಿ, ಊರಿನವರನ್ನೇ ಸೇರಿಸಿಕೊಂಡು ತೆಗೆದ ಸಿನಿಮಾವನ್ನು ಕೋಟಿಗಟ್ಟಲೆ ಸುರಿದ ಸಿನಿಮಾದ ಕಣ್ಣಿನಿಂದ ನೋಡಿದರೆ ಕೊರತೆಗಳಷ್ಟೇ ಕಾಣುತ್ತವೆ. ನೋಡುವ ರೀತಿಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಅದಕ್ಕೆ ಒಂದೆರಡು ತಿಂಗಳ ವಾರಾಂತ್ಯಗಳು, ಎಂಟು ಸಿನಿಮಾ ಮತ್ತು ಒಂದು ನೋಟ್‌ಬುಕ್ ಸಾಕು.

ಈ ವಿಧಾನದ ತಿರುಳು ಒಂದೇ ಪ್ರಶ್ನೆ: ದುಡ್ಡು ಮುಗಿದ ಜಾಗದಲ್ಲಿ ಇವರು ಏನು ಮಾಡಿದರು? ಕೆಳಗಿನ ಹಂತಗಳೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಮೊದಲು ಕೆಲವು ಪದಗಳು

ಬಿ-ಸಿನಿಮಾ: 1930ರ ದಶಕದ ಅಮೆರಿಕದಲ್ಲಿ ಒಂದೇ ಟಿಕೆಟಿಗೆ ಎರಡು ಸಿನಿಮಾ ತೋರಿಸುವ ರೂಢಿ ಬಂತು. ಮುಖ್ಯ ಸಿನಿಮಾದ ಜೊತೆಗೆ ಹಾಕಲು ತಯಾರಾದ, ಚಿಕ್ಕದಾದ, ಅಗ್ಗದ ಎರಡನೇ ಸಿನಿಮಾವೇ ಬಿ-ಸಿನಿಮಾ. ‘ಬಿ’ ಅಂದರೆ ಎರಡನೇ ದರ್ಜೆ ಎಂಬ ಅರ್ಥ ಬಂದದ್ದು ಆಮೇಲೆ.

ಎಕ್ಸ್‌ಪ್ಲಾಯ್ಟೇಷನ್: ಹೆಸರಾಂತ ನಟರಿಲ್ಲ, ದೊಡ್ಡ ಸೆಟ್ ಇಲ್ಲ. ಹಾಗಾಗಿ ಪೋಸ್ಟರ್‌ನಲ್ಲಿ ಹಾಕಿ ಜನ ಸೇರಿಸಬಹುದಾದ ಒಂದು ವಿಷಯವನ್ನು ಹಿಡಿದು (ರಕ್ತ, ಲೈಂಗಿಕತೆ, ರಾಕ್ಷಸ, ಮಾದಕವಸ್ತು, ಪತ್ರಿಕೆಯಲ್ಲಿ ಸುದ್ದಿಯಾದ ಕೊಲೆ) ಅದರ ಸುತ್ತ ಸಿನಿಮಾ ಕಟ್ಟುವುದು. ನಿರ್ಮಾಪಕ ವಿಲಿಯಂ ಕ್ಯಾಸಲ್ 1959ರ ‘ದಿ ಟಿಂಗ್ಲರ್’ ಸಿನಿಮಾಕ್ಕೆ ಥಿಯೇಟರಿನ ಕೆಲವು ಸೀಟುಗಳ ಅಡಿಯಲ್ಲಿ ನಡುಗುವ ಮೋಟಾರ್ ಕೂರಿಸಿದ್ದು ಈ ವ್ಯಾಪಾರದ ಬುದ್ಧಿಯಿಂದಲೇ.

ಕಲ್ಟ್: ಬಿಡುಗಡೆಯಾದಾಗ ಸೋತು ಅಥವಾ ಬೈಗುಳ ತಿಂದು, ಆಮೇಲೆ ಒಂದು ಬಳಗ ಮತ್ತೆ ಮತ್ತೆ ನೋಡಿ ಉಳಿಸಿಕೊಂಡ ಸಿನಿಮಾ.

ಜಾಲೋ: ಇಟಲಿ ಭಾಷೆಯಲ್ಲಿ ಹಳದಿ ಎಂದರ್ಥ. 1929ರಿಂದ ಮೊಂಡಡೋರಿ ಪ್ರಕಾಶನ ಹೊರತಂದ ಪತ್ತೇದಾರಿ ಕಾದಂಬರಿಗಳಿಗೆ ಹಳದಿ ರಕ್ಷಾಪುಟವಿತ್ತು. ಅಲ್ಲಿಂದ ಕೊಲೆ-ಪತ್ತೇದಾರಿಕೆಯ ಸಿನಿಮಾಗಳಿಗೂ ಅದೇ ಹೆಸರು ಅಂಟಿಕೊಂಡಿತು.

ಬೇಕಾಗುವ ವಸ್ತುಗಳು

ಸಾಧಾರಣ ಟಿವಿ ಅಥವಾ ಲ್ಯಾಪ್‌ಟಾಪ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಕತ್ತಲೆ ಮಾಡಬಹುದಾದ ಕೋಣೆ, ನೋಟ್‌ಬುಕ್, ಕೊನೆಯ ಹಂತಕ್ಕೆ ನಾಲ್ಕೂವರೆ ಅಡಿಯ ಒಂದು ಮರದ ಹಲಗೆ. ಮೊಬೈಲ್ ಪರದೆಯಲ್ಲಿ ನೋಡಬೇಡಿ. ಚೌಕಟ್ಟಿನ ಮೂಲೆಯಲ್ಲಿ ನಿಂತವನನ್ನು ಗುರುತಿಸುವುದೇ ಈ ಸಿನಿಮಾಗಳ ಅರ್ಧ ಸುಖ, ಮೊಬೈಲ್‌ನಲ್ಲಿ ಅವನು ಕಾಣುವುದಿಲ್ಲ.

ನೋಡಬೇಕಾದ ಅನುಕ್ರಮ ಹೀಗಿರಲಿ: ‘ಕ್ಯಾಟ್ ಪೀಪಲ್’ (1942), ‘ಕಾರ್ನಿವಲ್ ಆಫ್ ಸೋಲ್ಸ್’ (1962), ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968), ‘ಹ್ಯಾಲೋವೀನ್’ (1978), ‘ಬ್ಲಡ್ ಆಂಡ್ ಬ್ಲ್ಯಾಕ್ ಲೇಸ್’ (1964), ‘ಪುರಾನಾ ಮಂದಿರ್’ (1984), ‘ದಿ ಇವಿಲ್ ಡೆಡ್’ (1981), ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ (1974). ವರ್ಷಗಳು ಹಿಂದುಮುಂದಾಗಿರುವುದು ಬೇಕೆಂದೇ. ಮನಸ್ಸಿಗೆ ಹಗುರವಾದವು ಮೊದಲು, ಭಾರವಾದದ್ದು ಕೊನೆಗೆ.

ಹಂತ 1: ಸರಿಯಾದ ಪ್ರಿಂಟ್ ಹುಡುಕಿ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ‘ಸಿನಿಮಾ ಚೆನ್ನಾಗಿಲ್ಲ’ ಎನ್ನುವವರು ಅನೇಕ ಸಲ ನೋಡಿರುವುದು ಕೆಟ್ಟ ಪ್ರಿಂಟನ್ನು.

‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಮೊದಲು ಬೇರೆ ಹೆಸರಿತ್ತು. ವಿತರಕರು ಬಿಡುಗಡೆಗೆ ಮುನ್ನ ಹೆಸರು ಬದಲಿಸಿದಾಗ, ಹಳೆಯ ಶೀರ್ಷಿಕೆಯ ಜೊತೆಗಿದ್ದ ಕಾಪಿರೈಟ್ ಸಾಲು ಹೊಸ ಶೀರ್ಷಿಕೆಯಲ್ಲಿ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದಿದ್ದರೆ ಹಕ್ಕೂ ಇಲ್ಲ. ಸಿನಿಮಾ ಅಲ್ಲಿ ಸಾರ್ವಜನಿಕರ ಸ್ವತ್ತಾಯಿತು, ಮಾಡಿದವರ ಕೈಗೆ ಬರಬೇಕಾದ ದುಡ್ಡು ಬರಲಿಲ್ಲ. ಯಾರು ಬೇಕಾದರೂ ನಕಲಿನ ನಕಲು ಮಾಡಿ ಮಾರಿದರು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಅದು ಪುಕ್ಕಟೆ ಸಿಗುತ್ತದೆ, ಆದರೆ ಅಲ್ಲಿರುವ ಎಷ್ಟೋ ಪ್ರತಿಗಳಲ್ಲಿ ಮುಖಗಳು ಸುಣ್ಣ ಬಳಿದ ಹಾಗೆ, ನೆರಳುಗಳು ಮಸಿಯ ಹಾಗೆ ಕಾಣುತ್ತವೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಮೂಲ ನೆಗೆಟಿವ್‌ನಿಂದ 2016ರಲ್ಲಿ ಸಿದ್ಧಪಡಿಸಿದ 4ಕೆ ಆವೃತ್ತಿಯನ್ನು ಹುಡುಕಿ. 1980ರ ದಶಕದಲ್ಲಿ ಬಣ್ಣ ಬಳಿದ ಆವೃತ್ತಿ ಬೇಡ. 30ನೇ ವರ್ಷದ ನೆಪದಲ್ಲಿ ಹೊಸ ದೃಶ್ಯ ಸೇರಿಸಿದ ಆವೃತ್ತಿಯಂತೂ ಬೇಡವೇ ಬೇಡ, ಅದರಲ್ಲಿ ನಿರ್ದೇಶಕ ಜಾರ್ಜ್ ರೊಮೆರೊ ಅವರ ಕೈಯಿಲ್ಲ.

ಪ್ರಿಂಟ್ ಪರೀಕ್ಷಿಸಲು ಮೂರು ಅಳತೆಗಳು:

ಅವಧಿ. ‘ನೈಟ್’ 96 ನಿಮಿಷ, ‘ಚೈನ್ ಸಾ’ 83 ನಿಮಿಷ. ನಿಮ್ಮ ಪ್ರತಿಯಲ್ಲಿ ‘ನೈಟ್’ 92 ನಿಮಿಷ ಇದ್ದರೆ ಕತ್ತರಿ ಬಿದ್ದಿದೆ ಎಂದು ಕೂಡಲೇ ತೀರ್ಮಾನಿಸಬೇಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಯುರೋಪಿನ ಮತ್ತು ಭಾರತದ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ 25. ಹಾಗೆ ವರ್ಗಾಯಿಸಿದ ಪ್ರತಿ ಶೇ 4ರಷ್ಟು ಬೇಗ ಮುಗಿಯುತ್ತದೆ, ದನಿಗಳೂ ಕೊಂಚ ಕೀರಲಾಗುತ್ತವೆ. ನಿಮಿಷವನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿ. 92ಕ್ಕೆ 96 ಹತ್ತಿರ ಹತ್ತಿರ ಬಂದರೆ ಏನೂ ಕಳೆದುಹೋಗಿಲ್ಲ.

ಫಿಲ್ಮ್ ಕಾಲದ ಭಾರತದ ಸಿನಿಮಾಗಳಿಗೆ ಇನ್ನೂ ಸುಲಭದ ದಾರಿ ಇದೆ. ಆರಂಭದಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರದ ಮೇಲೆ ಚಿತ್ರವನ್ನು ನಿಲ್ಲಿಸಿ ಓದಿ. ಉದ್ದ ಮೀಟರ್‌ನಲ್ಲಿರುತ್ತದೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 27.4 ಮೀಟರ್ ಓಡುವುದರಿಂದ, ಉದ್ದವನ್ನು 27.4ರಿಂದ ಭಾಗಿಸಿದರೆ ಅಸಲಿ ಅವಧಿ ಸಿಗುತ್ತದೆ. 3,840 ಮೀಟರ್ ಎಂದಿದ್ದರೆ 140 ನಿಮಿಷ. ಆನ್‌ಲೈನ್ ಪ್ರತಿ 118 ನಿಮಿಷವೇ ಇದ್ದರೆ, ಯಾರೋ ಹಾಡುಗಳನ್ನೋ ಭಯದ ದೃಶ್ಯಗಳನ್ನೋ ತೆಗೆದಿದ್ದಾರೆ. ಪ್ರಮಾಣಪತ್ರದ ಕೆಳಭಾಗದಲ್ಲಿ ತ್ರಿಕೋನದ ಗುರುತಿದ್ದರೆ ಸೆನ್ಸಾರ್ ಹಂತದಲ್ಲೇ ಕತ್ತರಿ ಬಿದ್ದಿತ್ತು ಎಂದು ತಿಳಿಯಿರಿ.

ಚೌಕಟ್ಟಿನ ಆಕಾರ. ‘ಹ್ಯಾಲೋವೀನ್’ ಬಜೆಟ್ 3 ಲಕ್ಷ ಡಾಲರ್ ಚಿಲ್ಲರೆ. ಅಷ್ಟರಲ್ಲೂ ನಿರ್ದೇಶಕ ಜಾನ್ ಕಾರ್ಪೆಂಟರ್ ಅಗಲ ಪರದೆಯ ಪ್ಯಾನಾವಿಷನ್ ಲೆನ್ಸಿಗೆ ದುಡ್ಡು ಹಾಕಿದರು. ಕಾರಣ ತೀರಾ ಸರಳ. ಕೊಲೆಗಾರ ಚೌಕಟ್ಟಿನ ಅಂಚಿನಲ್ಲಿ, ಬೇಲಿಯ ಪಕ್ಕ, ಬಾಗಿಲ ಕತ್ತಲಲ್ಲಿ ಸುಮ್ಮನೆ ನಿಂತಿರುತ್ತಾನೆ, ನಾಯಕಿ ಇನ್ನೊಂದು ತುದಿಯಲ್ಲಿರುತ್ತಾಳೆ. ಹಳೆಯ ಚೌಕ ಟಿವಿಗೆ ಹೊಂದಿಸಲು ಎರಡೂ ಬದಿ ಕತ್ತರಿಸಿದ ಪ್ರತಿಯಲ್ಲಿ ಅವನೇ ಇರುವುದಿಲ್ಲ. ಪರದೆಯ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಬರದಿದ್ದರೆ ಆ ಪ್ರತಿಯನ್ನು ಬಿಟ್ಟುಬಿಡಿ.

ಇದರ ತಿರುಗುಮುರುಗು ತಪ್ಪೂ ಉಂಟು. ಎಷ್ಟೋ ಅಗ್ಗದ ಸಿನಿಮಾಗಳನ್ನು ಚೌಕಾಕಾರದಲ್ಲಿ ಚಿತ್ರೀಕರಿಸಿ, ಥಿಯೇಟರಿನ ಪ್ರೊಜೆಕ್ಟರ್‌ನಲ್ಲಿ ಮೇಲೆ ಕೆಳಗೆ ಮುಚ್ಚಿ ತೋರಿಸುತ್ತಿದ್ದರು. ಮುಚ್ಚದೆ ಟಿವಿಗೆ ವರ್ಗಾಯಿಸಿದಾಗ ನಟರ ತಲೆಯ ಮೇಲೆ ಮೈಕು ತೂಗಾಡುವುದು ಕಾಣುತ್ತದೆ. ಜನ ನಿರ್ದೇಶಕನನ್ನು ನೋಡಿ ನಗುತ್ತಾರೆ. ತಪ್ಪು ವರ್ಗಾಯಿಸಿದವನದು.

ಕತ್ತಲೆ. ರಾತ್ರಿ ಚಿತ್ರೀಕರಣಕ್ಕೆ ಜನರೇಟರು, ದೀಪಗಳು, ಹೆಚ್ಚುವರಿ ಕೂಲಿ ಬೇಕು. ಹಾಗಾಗಿ ಹಗಲಲ್ಲೇ ಲೆನ್ಸಿಗೆ ಬರುವ ಬೆಳಕು ಇಳಿಸಿ, ನೀಲಿ ಬಣ್ಣ ಕೊಟ್ಟು ರಾತ್ರಿ ಎಂದು ತೋರಿಸುವ ತಂತ್ರವಿದೆ. ಪ್ರಿಂಟ್ ತಯಾರಿಸುವವರು ಆ ಕತ್ತಲೆ ಕೊಡಲು ಮರೆತರೆ ಪಾತ್ರಗಳು ಮಟಮಟ ಮಧ್ಯಾಹ್ನ ಟಾರ್ಚ್ ಹಿಡಿದು ನಡೆಯುತ್ತವೆ. ಹಾಗೆ ಕಂಡರೆ ಬೇರೆ ಪ್ರತಿ ಹುಡುಕಿ.

ಹಂತ 2: ಟಿವಿಯ ‘ಉಪಕಾರ’ಗಳನ್ನು ನಿಲ್ಲಿಸಿ

ಟಿವಿಯ ಸೆಟ್ಟಿಂಗ್‌ನಲ್ಲಿ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಆರಿಸಿ. ಚಲನೆಯನ್ನು ನಯವಾಗಿಸುವ ಸೌಲಭ್ಯವನ್ನು ಪೂರ್ತಿ ಆಫ್ ಮಾಡಿ, ಸ್ಯಾಮ್‌ಸಂಗ್, ಸೋನಿ, ಎಲ್‌ಜಿ ಒಂದೊಂದರಲ್ಲೂ ಅದಕ್ಕೊಂದು ಹೆಸರು. ಅದು ಆನ್ ಇದ್ದರೆ 1968ರ ಸಿನಿಮಾ ಮದುವೆ ವಿಡಿಯೋದಂತೆ ಕಾಣುತ್ತದೆ. ‘ನಾಯ್ಸ್ ರಿಡಕ್ಷನ್’ ಕೂಡ ಆಫ್ ಮಾಡಿ. ‘ಚೈನ್ ಸಾ’ ಮತ್ತು ‘ಇವಿಲ್ ಡೆಡ್’ ಎರಡೂ 16 ಎಂಎಂ ಫಿಲ್ಮ್‌ನಲ್ಲಿ ತೆಗೆದವು, ಅಂದರೆ ಥಿಯೇಟರಿನ ಸಾಮಾನ್ಯ 35 ಎಂಎಂಗಿಂತ ತೀರಾ ಚಿಕ್ಕ ಚೌಕಟ್ಟು. ದೊಡ್ಡದು ಮಾಡಿದಾಗ ಮರಳಿನಂಥ ಕಣಗಳು ಎದ್ದು ಕಾಣುತ್ತವೆ. ಆ ಒರಟುತನ ಸಿನಿಮಾದ ಚರ್ಮ, ಅದನ್ನು ಒರೆಸಿದರೆ ಮುಖಗಳು ಮೇಣದ ಗೊಂಬೆಗಳಾಗುತ್ತವೆ. ಶಾರ್ಪ್‌ನೆಸ್ ಕೆಳಮಟ್ಟಕ್ಕಿಳಿಸಿ. ಕೆಲವು ಕಂಪನಿಗಳ ಟಿವಿಯಲ್ಲಿ 50 ಎಂಬುದೇ ತಟಸ್ಥ ಮಟ್ಟ, ಹಾಗಾಗಿ ಕಣ್ಣಿನಿಂದ ನೋಡಿಯೇ ನಿರ್ಧರಿಸಿ: ವ್ಯಕ್ತಿಗಳ ಸುತ್ತ ಬಿಳಿ ಗೆರೆ ಕಾಣಬಾರದು.

ಹಂತ 3: ಮೊದಲ ಸಲ ಒಬ್ಬರೇ, ನಿಲ್ಲಿಸದೆ ನೋಡಿ

ಗೆಳೆಯರ ಗುಂಪಿನಲ್ಲಿ ಮೊದಲ ಸಲ ನೋಡಬೇಡಿ. ಒಬ್ಬರು ನಕ್ಕರೆ ಉಳಿದವರೂ ನಗುತ್ತಾರೆ, ನಿಧಾನವಾಗಿ ಕಟ್ಟಿಕೊಳ್ಳುವ ಭಯ ಅಲ್ಲೇ ಒಡೆದುಹೋಗುತ್ತದೆ. ರಾತ್ರಿ ಊಟವಾದ ಮೇಲೆ, ಮೊಬೈಲು ಬೇರೆ ಕೋಣೆಯಲ್ಲಿಟ್ಟು ಕೂರಿ. ಬೇಜಾರಾದ ಜಾಗಗಳಲ್ಲೂ ಓಡಿಸಬೇಡಿ, ಸಮಯ ಮಾತ್ರ ಬರೆದಿಟ್ಟುಕೊಳ್ಳಿ. ಮುಂದಿನ ಹಂತದಲ್ಲಿ ಆ ಜಾಗಗಳೇ ಹೆಚ್ಚು ಕಲಿಸುತ್ತವೆ.

ಹಂತ 4: ಎರಡನೇ ಸಲ ಲೆಕ್ಕ ಬರೆಯುತ್ತ ನೋಡಿ

ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಜಾಗ, ಜನ, ಬೆಳಕು, ಶಬ್ದ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ತುಂಬಿಸಿ. ಎಷ್ಟು ಜಾಗ ಬಳಸಿದರು? ಒಟ್ಟಿಗೆ ಎಷ್ಟು ಜನ ಕಾಣುತ್ತಾರೆ? ಬೆಳಕು ಎಲ್ಲಿಂದ ಬರುತ್ತಿದೆ? ತುಟಿಗೂ ಮಾತಿಗೂ ಹೊಂದುತ್ತದೆಯೇ?

‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಸಿನಿಮಾವನ್ನು ಹೀಗೆ ಬಿಡಿಸಿ ನೋಡೋಣ.

ತೆಗೆದದ್ದು ಪಿಟ್ಸ್‌ಬರ್ಗ್ ಊರಿನ, ಟಿವಿ ಜಾಹೀರಾತು ಮಾಡಿ ಬದುಕುತ್ತಿದ್ದ ಗೆಳೆಯರ ಗುಂಪು. ಹತ್ತು ಜನ ತಲಾ 600 ಡಾಲರ್ ಹಾಕಿ ಶುರುಮಾಡಿದರು. ಕೊನೆಗೆ ಖರ್ಚಾದದ್ದು ಸುಮಾರು 1 ಲಕ್ಷ 14 ಸಾವಿರ ಡಾಲರ್. ಕಪ್ಪು-ಬಿಳುಪು ಫಿಲ್ಮ್ ಅಗ್ಗ ಎಂಬುದು ಒಂದು ಕಾರಣವಾದರೆ, ಅದರಿಂದ ಬಂದ ಇನ್ನೊಂದು ಲಾಭ ನೋಡಿ: ಕಪ್ಪು-ಬಿಳುಪಿನಲ್ಲಿ ರಕ್ತಕ್ಕೆ ಬಣ್ಣ ಬೇಕಿಲ್ಲ, ಗಾಢವಾಗಿ, ಅಂಟಾಗಿ ಇದ್ದರೆ ಸಾಕು. ಅವರು ಬಳಸಿದ್ದು ಬಾಸ್ಕೋ ಎಂಬ ಚಾಕೊಲೆಟ್ ಸಿರಪ್. ಸತ್ತು ಎದ್ದು ಬಂದ ಶವಗಳು ತಿನ್ನುವ ಮಾಂಸ ಹುರಿದ ಹಂದಿಮಾಂಸ, ಜೊತೆಗೆ ಕಸಾಯಿ ಅಂಗಡಿಗಳಿದ್ದ ನಟರೊಬ್ಬರು ತಂದುಕೊಟ್ಟ ಕರುಳು.

ಜಾಗದ ಕಾಲಂ: ಒಂದು ಸ್ಮಶಾನ, ಒಂದು ತೋಟದ ಮನೆ, ಅದರ ಅಂಗಳ, ನೆಲಮಾಳಿಗೆ. ಮನೆ ಕೆಡವಲು ನಿಗದಿಯಾಗಿತ್ತು, ಅದಕ್ಕೇ ಬಾಗಿಲಿಗೆ ಮೊಳೆ ಹೊಡೆಯಲು, ಕಿಟಕಿ ಒಡೆಯಲು ಯಾರ ಅಡ್ಡಿಯೂ ಇರಲಿಲ್ಲ. ಹಲಗೆ ಬಡಿಯುವ ದೃಶ್ಯಗಳು ಇಷ್ಟು ದೀರ್ಘವಾಗಿ, ಇಷ್ಟು ಒರಟಾಗಿ ಬಂದಿರುವುದರ ಹಿಂದೆ ಆ ಸ್ವಾತಂತ್ರ್ಯವಿದೆ. ನೆಲಮಾಳಿಗೆಯ ದೃಶ್ಯಗಳನ್ನು ತೆಗೆದದ್ದು ಗುಂಪಿನ ಸ್ವಂತ ಕಚೇರಿಯ ಕೆಳಗೆ.

ಕಾರು ಮರಕ್ಕೆ ಗುದ್ದುವ ದೃಶ್ಯವನ್ನು ನಿಲ್ಲಿಸಿ ನೋಡಿ. ಆ ಕಾರು ತಂಡದವರೊಬ್ಬರ ತಾಯಿಯದು. ಎರಡು ಚಿತ್ರೀಕರಣ ದಿನಗಳ ನಡುವೆ ಯಾರೋ ಗುದ್ದಿ ಅದು ನುಗ್ಗಾಯಿತು. ಬೇರೆ ಕಾರಿಗೆ ದುಡ್ಡಿಲ್ಲ, ಹಿಂದಿನ ದೃಶ್ಯಗಳಲ್ಲಿ ಕಾರು ನೆಟ್ಟಗಿದೆ. ಕಥೆಯನ್ನೇ ಬದಲಿಸಿ ನಾಯಕಿ ಬಾರ್ಬ್ರಾ ಕಾರನ್ನು ಮರಕ್ಕೆ ತಾಗಿಸುವಂತೆ ಮಾಡಿದರು. ಈಗ ಆಕೆ ಕಾರು ಬಿಟ್ಟು ಓಡಲೇಬೇಕು, ನಮ್ಮ ಭಯ ಹೆಚ್ಚಾಯಿತು.

ಜನರ ಕಾಲಂ: ಮನೆಯೊಳಗೆ ಏಳು ಜನ. ಲೋಕವೇ ಮುಳುಗುತ್ತಿದೆ ಎಂದು ತೋರಿಸಬೇಕು, ಸೈನ್ಯ ಸೇರಿಸಲು ಕಾಸಿಲ್ಲ. ಉಪಾಯ ರೇಡಿಯೊ ಮತ್ತು ಟಿವಿ ಸುದ್ದಿ. ಟಿವಿ ವರದಿಗಾರನಾಗಿ ಬರುವ ಬಿಲ್ ಕಾರ್ಡಿಲ್ ಪಿಟ್ಸ್‌ಬರ್ಗ್ ಟಿವಿಯಲ್ಲಿ ಜನರಿಗೆ ಪರಿಚಿತ ಮುಖ. ಆ ಊರಿನ ಪ್ರೇಕ್ಷಕರಿಗೆ ಅದು ಅಸಲಿ ಸುದ್ದಿಯಂತೆಯೇ ಕಂಡಿರಬೇಕು.

ಈಗ ಆರಂಭದ ಸ್ಮಶಾನದ ದೃಶ್ಯಕ್ಕೆ ಹಿಂದಿರುಗಿ. ಅಣ್ಣ ತಂಗಿಯನ್ನು ಹೆದರಿಸಲು ಕೀಟಲೆ ಮಾಡುತ್ತಿದ್ದಾನೆ. ಹಿನ್ನೆಲೆಯಲ್ಲಿ, ಬಲು ದೂರದಲ್ಲಿ, ಒಬ್ಬ ಮನುಷ್ಯ ತಡವರಿಸುತ್ತ ನಡೆದು ಬರುತ್ತಿದ್ದಾನೆ. ಅವನ ಮುಖಕ್ಕೆ ಕ್ಲೋಸಪ್ ಇಲ್ಲ, ಅವನು ಯಾರೆಂದು ಹೇಳುವ ಸಂಗೀತವೂ ಇಲ್ಲ. ಯಾರೋ ತಮ್ಮವರ ಸಮಾಧಿಗೆ ಬಂದವನಿರಬೇಕು ಎಂದುಕೊಳ್ಳುತ್ತೇವೆ, ತಂಗಿಯೂ ಹಾಗೇ ಅಂದುಕೊಳ್ಳುತ್ತಾಳೆ. ವೇಷವಿಲ್ಲ, ಮುಖವಾಡವಿಲ್ಲ, ಹಳೆಯ ಕೋಟು ತೊಟ್ಟ ಸಾಮಾನ್ಯ ಮನುಷ್ಯ. ರಾಕ್ಷಸನ ವೇಷಕ್ಕೆ ದುಡ್ಡಿಲ್ಲದ್ದರಿಂದ ನೆರೆಹೊರೆಯವರೇ ರಾಕ್ಷಸರಾದರು. ಅಂದಿನಿಂದ ಇಂದಿನವರೆಗೆ ಜಗತ್ತಿನ ಜೋಂಬಿ ಸಿನಿಮಾಗಳೆಲ್ಲ ನಿಂತಿರುವುದು ಆ ಕೋಟಿನ ಮೇಲೆ. ಅಂದಹಾಗೆ ಈ ಸಿನಿಮಾದಲ್ಲಿ ‘ಜೋಂಬಿ’ ಎಂಬ ಪದ ಒಮ್ಮೆಯೂ ಬರುವುದಿಲ್ಲ.

ಕೊನೆಯನ್ನು ಇಲ್ಲಿ ಹೇಳುವುದಿಲ್ಲ. ನಾಯಕನ ಪಾತ್ರಕ್ಕೆ ಕಪ್ಪುವರ್ಣದ ನಟ ಡ್ವೇನ್ ಜೋನ್ಸ್ ಆಯ್ಕೆಯಾದರು, ಚಿತ್ರಕಥೆ ಆ ಪಾತ್ರದ ಬಣ್ಣದ ಬಗ್ಗೆ ಏನೂ ಹೇಳಿರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷವೇ ಸಿನಿಮಾ ಬಿಡುಗಡೆಯಾಯಿತು. ಇಷ್ಟನ್ನು ನೆನಪಿಟ್ಟುಕೊಂಡು ಪತ್ರಿಕೆಯ ಫೋಟೊಗಳಂತೆ ಒರಟಾದ ಆ ಕೊನೆಯ ಸ್ಥಿರಚಿತ್ರಗಳನ್ನು ನೋಡಿ.

ಉಳಿದ ಸಿನಿಮಾಗಳಿಗೆ ಒಂದು ಸುಳಿವು: ಹೆಸರಾಂತ ನಟನೊಬ್ಬ ಕೆಲವೇ ದೃಶ್ಯಗಳಲ್ಲಿ, ಹೆಚ್ಚಾಗಿ ಮಾತಾಡುತ್ತ ಕಂಡರೆ, ಅವನನ್ನು ಕೆಲವು ದಿನಗಳಿಗಷ್ಟೇ ಕರೆಸಿದ್ದಾರೆ ಎಂದರ್ಥ. ‘ಹ್ಯಾಲೋವೀನ್’ ಸಿನಿಮಾಕ್ಕೆ ಡೊನಾಲ್ಡ್ ಪ್ಲೆಸೆನ್ಸ್ ಐದು ದಿನ ಬಂದು 20 ಸಾವಿರ ಡಾಲರ್ ಪಡೆದರು. ಕೊಲೆಗಾರನ ಮುಖವಾಡವೋ, ಅಂಗಡಿಯಿಂದ ತಂದ ‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಮುಖವಾಡ. ಬಿಳಿ ಬಣ್ಣ ಹೊಡೆದು ಕಣ್ಣಿನ ತೂತು ದೊಡ್ಡದು ಮಾಡಿದರು, ಅಷ್ಟೇ.

ಹಂತ 5: ಕಣ್ಣು ಮುಚ್ಚಿ ಕೇಳಿ

ಶಬ್ದ ಅಗ್ಗ, ಭಯ ಹುಟ್ಟಿಸುವುದರಲ್ಲಿ ಚಿತ್ರಕ್ಕಿಂತ ಚುರುಕು. ಪ್ರತಿ ಸಿನಿಮಾದಿಂದ ಐದು ನಿಮಿಷ ಆರಿಸಿ, ಒಮ್ಮೆ ಚಿತ್ರವಿಲ್ಲದೆ ಕೇಳಿ, ಒಮ್ಮೆ ಶಬ್ದವಿಲ್ಲದೆ ನೋಡಿ.

‘ಕ್ಯಾಟ್ ಪೀಪಲ್’ ಇದಕ್ಕೆ ಮೊದಲ ಪಾಠ. ಆರ್‌ಕೆಓ ಸ್ಟುಡಿಯೊ ನಿರ್ಮಾಪಕ ವಾಲ್ ಲ್ಯೂಟನ್ ಅವರಿಗೆ ಹಾಕಿದ್ದ ಷರತ್ತುಗಳು: ಒಂದೂವರೆ ಲಕ್ಷ ಡಾಲರ್ ಮೀರಬಾರದು, 75 ನಿಮಿಷ ದಾಟಬಾರದು, ಹೆಸರನ್ನು ಸ್ಟುಡಿಯೊವೇ ಕೊಡುತ್ತದೆ. ರಾತ್ರಿ ಉದ್ಯಾನದ ಗೋಡೆಯ ಪಕ್ಕ ಹೆಂಗಸೊಬ್ಬಳು ನಡೆಯುತ್ತಿದ್ದಾಳೆ, ಹಿಂದೆ ಇನ್ನೊಬ್ಬಳು. ಎರಡು ಜೊತೆ ಹಿಮ್ಮಡಿಗಳ ಟಕ್ ಟಕ್. ಒಂದು ಹಂತದಲ್ಲಿ ಹಿಂದಿನ ಹೆಜ್ಜೆ ನಿಂತುಹೋಗುತ್ತದೆ. ಮುಂದಿನವಳು ಜೋರಾಗಿ ನಡೆಯುತ್ತಾಳೆ, ಹಿಂದೆ ನೋಡುತ್ತಾಳೆ, ಯಾರೂ ಇಲ್ಲ. ಆಗ ಕಾಡುಬೆಕ್ಕು ಬುಸುಗುಟ್ಟಿದ ಸದ್ದು, ಚೌಕಟ್ಟಿನೊಳಗೆ ನುಗ್ಗುವುದು ಬ್ರೇಕ್ ಹಾಕಿದ ಸಿಟಿ ಬಸ್. ಇಂದಿಗೂ ಸುಳ್ಳು ಬೆಚ್ಚಿಬೀಳಿಕೆಗೆ ಸಿನಿಮಾದವರು ‘ಲ್ಯೂಟನ್ ಬಸ್’ ಎನ್ನುತ್ತಾರೆ. ಹೆಜ್ಜೆ ನಿಂತ ಕ್ಷಣವನ್ನು ಗುರುತಿಸಿ, ನಿಜವಾದ ಭಯ ಅಲ್ಲಿದೆ.

‘ಕಾರ್ನಿವಲ್ ಆಫ್ ಸೋಲ್ಸ್’ ತೆಗೆದವರು ಕ್ಯಾನ್ಸಸ್‌ನ ಲಾರೆನ್ಸ್ ಊರಿನಲ್ಲಿ ಶೈಕ್ಷಣಿಕ ಮತ್ತು ಕೈಗಾರಿಕಾ ಕಿರುಚಿತ್ರ ಮಾಡುತ್ತಿದ್ದ ಹರ್ಕ್ ಹಾರ್ವಿ. ಮೂರು ವಾರ ರಜೆ, ಸುಮಾರು 33 ಸಾವಿರ ಡಾಲರ್. ಸಾಲ್ಟ್ ಲೇಕ್ ಬಳಿ ಪಾಳುಬಿದ್ದಿದ್ದ ಸಾಲ್ಟೇರ್ ಎಂಬ ವಿಹಾರಮಂದಿರವನ್ನು ಕಾರಿನಿಂದ ಕಂಡದ್ದೇ ಇಡೀ ಸಿನಿಮಾಕ್ಕೆ ಮೂಲ. ಬಿಳಿ ಮುಖದ ಪ್ರೇತವಾಗಿ ನಟಿಸಿದವರೂ ಅವರೇ. ನಾಯಕಿ ಚರ್ಚಿನಲ್ಲಿ ಆರ್ಗನ್ ನುಡಿಸುವವಳಾದ್ದರಿಂದ ಹಿನ್ನೆಲೆ ಸಂಗೀತಕ್ಕೂ ಒಂದೇ ಆರ್ಗನ್ ಸಾಕಾಯಿತು. ಅಂಗಡಿಯ ದೃಶ್ಯದಲ್ಲಿ ಇದ್ದಕ್ಕಿದ್ದಂತೆ ಲೋಕದ ಶಬ್ದವೆಲ್ಲ ಅಡಗಿ, ಅವಳ ಮಾತು ಯಾರಿಗೂ ಕೇಳದಂತಾಗುತ್ತದೆ. ಅದಕ್ಕೆ ಆದ ಖರ್ಚು ಸೊನ್ನೆ.

ಇಟಲಿಯ ಸಿನಿಮಾ ನೋಡುವಾಗ ‘ತುಟಿ ಹೊಂದುತ್ತಿಲ್ಲ’ ಎಂದು ಮುಖ ಸಿಂಡರಿಸಬೇಡಿ. ಅಲ್ಲಿ ಚಿತ್ರೀಕರಣದಲ್ಲಿ ಧ್ವನಿ ಹಿಡಿಯುತ್ತಲೇ ಇರಲಿಲ್ಲ. ಬೇರೆ ಬೇರೆ ದೇಶದ ನಟರು ತಮ್ಮ ತಮ್ಮ ಭಾಷೆಯಲ್ಲಿ ಆಡುತ್ತಿದ್ದರು, ಆಮೇಲೆ ಎಲ್ಲಕ್ಕೂ ಡಬ್ಬಿಂಗ್. ದಶಕಗಳ ಕಾಲ ಶೂಟಿಂಗ್ ಮುಗಿದ ಮೇಲೆ ಡಬ್ಬಿಂಗ್ ಥಿಯೇಟರಿನಲ್ಲೇ ಮಾತು ಕೂರಿಸಿದ ಕನ್ನಡ ಸಿನಿಮಾಗಳನ್ನು ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ.

ಹಂತ 6: ಬಣ್ಣ, ಹೊಗೆ, ಕನ್ನಡಿ

ಇಲ್ಲಿ ಇಟಲಿಯ ಮಾರಿಯೊ ಬಾವಾ ಒಬ್ಬರೇ ಸಾಕು. ಛಾಯಾಗ್ರಾಹಕರಾಗಿದ್ದು ನಿರ್ದೇಶಕರಾದವರು. 1965ರಲ್ಲಿ ಬಂದ ಅವರ ಬಾಹ್ಯಾಕಾಶದ ಸಿನಿಮಾದ ಇಡೀ ಅನ್ಯಗ್ರಹ ನಿಂತಿದ್ದು, ಬೇರೆ ಸಿನಿಮಾದಿಂದ ಉಳಿದಿದ್ದ ಎರಡು ಪ್ಲಾಸ್ಟಿಕ್ ಬಂಡೆ, ಕನ್ನಡಿಗಳು ಮತ್ತು ಹೊಗೆಯ ಮೇಲೆ ಎಂದು ಅವರೇ ಹೇಳಿದ್ದರು. ಅವರದೇ ಜಾಲೋ ‘ಬ್ಲಡ್ ಆಂಡ್ ಬ್ಲ್ಯಾಕ್ ಲೇಸ್’ನಲ್ಲಿ ರಾತ್ರಿಯ ಪುರಾತನ ವಸ್ತುಗಳ ಅಂಗಡಿಯ ದೃಶ್ಯ ತೆಗೆದುಕೊಳ್ಳಿ. ಹಸಿರು, ನೇರಳೆ, ಕೆಂಪು ಬೆಳಕು ಎಲ್ಲಿಂದ ಬರುತ್ತಿದೆ ಎಂದು ಬೆರಳಿಟ್ಟು ತೋರಿಸಲು ಯತ್ನಿಸಿ. ತೋರಿಸಲಾಗುವುದಿಲ್ಲ. ಆ ಬೆಳಕಿಗೆ ಕಥೆಯೊಳಗೆ ಕಾರಣವಿಲ್ಲ, ದೀಪದ ಮುಂದೆ ಹಿಡಿದ ಬಣ್ಣದ ಹಾಳೆಯೇ ಸೆಟ್ಟಿನ ಬಡತನ ಮುಚ್ಚಿ ಭಯವನ್ನು ಕಟ್ಟುತ್ತಿದೆ.

ಹಂತ 7: ರಾಮ್ಸೆ ಸಿನಿಮಾವನ್ನು ಅದರ ಲೆಕ್ಕದಲ್ಲೇ ನೋಡಿ

ಹಿಂದಿಯ ರಾಮ್ಸೆ ಸಹೋದರರ ಸಿನಿಮಾಗಳನ್ನು ಹೀಗಳೆಯುವುದು ಸುಲಭ. ಬಾವಾ ಅವರ ಬಣ್ಣದ ದೀಪಗಳನ್ನು ನೋಡಿದ ಮೇಲೆ ನೋಡಿದರೆ ಬೇರೆಯೇ ಕಾಣುತ್ತವೆ. ಏಳು ಜನ ಅಣ್ಣತಮ್ಮಂದಿರು: ಕುಮಾರ್ ಚಿತ್ರಕಥೆ, ಗಂಗು ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಸಂಕಲನ, ಕೇಶು ನಿರ್ಮಾಣದ ಕೆಲಸ, ತುಳಸಿ ಮತ್ತು ಶ್ಯಾಮ್ ನಿರ್ದೇಶನ. ಸಂಬಳ ಮನೆಯೊಳಗೇ ಉಳಿಯುತ್ತಿತ್ತು. 1972ರ ‘ದೋ ಗಜ್ ಜಮೀನ್ ಕೆ ನೀಚೆ’ ಸಿನಿಮಾಕ್ಕೆ ತಂಡವನ್ನೆಲ್ಲ ಮಹಾಬಲೇಶ್ವರಕ್ಕೆ ಕರೆದೊಯ್ದು, ಅತಿಥಿಗೃಹದಲ್ಲಿ ಉಳಿದುಕೊಂಡೇ ಶೂಟಿಂಗ್ ಮುಗಿಸಿದರು.

‘ಪುರಾನಾ ಮಂದಿರ್’ ನೋಡುವಾಗ ಹಾಡು, ಪ್ರೇಮ, ಹೊಡೆದಾಟ, ಹಾಸ್ಯಕ್ಕೆ ಎಷ್ಟೆಷ್ಟು ನಿಮಿಷ ಹೋಗಿದೆ ಎಂದು ಬರೆಯಿರಿ. ಜಗದೀಪ್ ಅವರ ‘ಶೋಲೆ’ ಅಣಕದ ಉಪಕಥೆ ಅನವಶ್ಯಕ ಎನಿಸುವುದು ಸಹಜ. ಅದು ವಿಮೆ ಇದ್ದ ಹಾಗೆ. ‘ಎ’ ಸರ್ಟಿಫಿಕೇಟಿನಿಂದ ಕುಟುಂಬದ ಪ್ರೇಕ್ಷಕರು ಹೋದರು, ಉಳಿದ ಟಿಕೆಟ್ ಕೊಳ್ಳುವವರಿಗೆ ಕೊಟ್ಟ ಕಾಸಿಗೆ ಎಲ್ಲವೂ ಸಿಗಬೇಕು. ಗಾಂಧಿ ಕ್ಲಾಸಿನಲ್ಲಿ ಕೂತವನ ಕಡೆಯಿಂದ ಯೋಚಿಸಿ. ರಾಕ್ಷಸ ಸಾಮ್ರಿಯಾಗಿ ಬರುವ ಅನಿರುದ್ಧ್ ಅಗರ್‌ವಾಲ್ ಅವರ ಎತ್ತರ ಮತ್ತು ಮುಖದ ಮೂಳೆಗಳಿಗೇ ಅರ್ಧ ಮೇಕಪ್ಪಿನ ಕೆಲಸ ಆಗಿಹೋಗಿದೆ. ಅವರನ್ನು ಕ್ಯಾಮೆರಾ ಕೆಳಗಿನಿಂದ ನೋಡುವ ಕೋನಗಳನ್ನು ಎಣಿಸಿ.

ಹಂತ 8: ಕ್ರೌರ್ಯವನ್ನು ತೂಗಿ ನೋಡಿ

‘ಚೈನ್ ಸಾ’ ಬಗ್ಗೆ ಎಲ್ಲರೂ ಹೇಳುವುದು ರಕ್ತದ ಹೊಳೆ ಎಂದು. ನೋಟ್‌ಬುಕ್ ಹಿಡಿದು ರಕ್ತ ಕಾಣುವ ಶಾಟ್‌ಗಳನ್ನು ಎಣಿಸಿ, ಅಚ್ಚರಿಯಾಗುವಷ್ಟು ಕಡಿಮೆ. ಆಯುಧ ಒಂದು ಶಾಟ್‌ನಲ್ಲಿ, ಮುಖ ಇನ್ನೊಂದರಲ್ಲಿ, ಕಿರುಚು ಮೂರನೆಯದರಲ್ಲಿ. ಸೇರಿಸುವವರು ನಾವು. ತೆಗೆದದ್ದು 1973ರ ಟೆಕ್ಸಾಸ್ ಬೇಸಿಗೆಯಲ್ಲಿ. ಊಟದ ಮೇಜಿನ ದೃಶ್ಯಕ್ಕೆ ಕಿಟಕಿಗಳನ್ನು ಮುಚ್ಚಿ, ಕೊಳೆಯುತ್ತಿದ್ದ ಮಾಂಸದ ನಾತದಲ್ಲಿ, ಒಂದು ಹಗಲು ರಾತ್ರಿ ಮೀರಿ ಸತತವಾಗಿ ದುಡಿದರು. ನಾಯಕಿ ಮರ್ಲಿನ್ ಬರ್ನ್ಸ್ ಕಣ್ಣಿನ ಅತಿ ಸಮೀಪದ ಶಾಟ್‌ಗಳಲ್ಲಿ ಕಾಣುವ ದಣಿವು ನಟನೆಯಷ್ಟೇ ಅಲ್ಲ. ಆ ಶಾಟ್‌ಗಳನ್ನು ಮೆಚ್ಚುವಾಗ ಅದರ ಬೆಲೆ ಯಾರು ತೆತ್ತರು ಎಂಬುದನ್ನೂ ಲೆಕ್ಕದಲ್ಲಿ ಬರೆಯಬೇಕು.

ಇಲ್ಲಿ ಒಂದು ಗಡಿ ಇದೆ. ಇಟಲಿಯ ‘ಕ್ಯಾನಿಬಲ್ ಹೋಲೋಕಾಸ್ಟ್’ನಲ್ಲಿ (1980) ಕ್ಯಾಮೆರಾದ ಮುಂದೆ ಪ್ರಾಣಿಗಳನ್ನು ನಿಜವಾಗಿಯೇ ಕೊಂದಿದ್ದಾರೆ. ಅದರ ತಂತ್ರ ಪ್ರಭಾವಶಾಲಿ ಎನ್ನುವವರಿದ್ದಾರೆ. ಅದನ್ನು ನೋಡದೆಯೂ ಈ ಬಗೆಯ ಸಿನಿಮಾಗಳನ್ನು ಚೆನ್ನಾಗಿ ಅರಿಯಬಹುದು ಎಂಬುದು ಇಲ್ಲಿನ ಖಚಿತ ಸಲಹೆ. ‘ನಿಷೇಧಿತ’ ಎಂಬ ಪಟ್ಟಿಯನ್ನು ನೆಚ್ಚಿ ಸಿನಿಮಾ ಆರಿಸಬೇಡಿ. 1980ರ ದಶಕದ ಬ್ರಿಟನ್ನಿನಲ್ಲಿ ‘ವಿಡಿಯೊ ನ್ಯಾಸ್ಟಿ’ ಎಂದು ಪಟ್ಟಿಮಾಡಿದ 72 ಸಿನಿಮಾಗಳಲ್ಲಿ ‘ಇವಿಲ್ ಡೆಡ್’ ಇತ್ತು, ಅದರ ಜೊತೆಗೆ ಹೆಸರು ಬಿಟ್ಟರೆ ಏನೂ ಇಲ್ಲದ ಸಿನಿಮಾಗಳೂ ಇದ್ದವು. ಲೈಂಗಿಕ ಹಿಂಸೆಯ ದೃಶ್ಯಗಳಿವೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ‘ಇವಿಲ್ ಡೆಡ್’ನಲ್ಲಿ ಮರಗಳು ಹೆಂಗಸಿನ ಮೇಲೆರಗುವ ಅಂಥ ಒಂದು ದೃಶ್ಯವಿದೆ, ಬೇಡವೆನಿಸಿದರೆ ದಾಟಿಸಿ. ಮಧ್ಯದಲ್ಲಿ ಎದ್ದುಹೋಗಲು ಸಂಕೋಚ ಬೇಡ.

ಹಂತ 9: ಒಂದು ಶಾಟ್ ನೀವೇ ತೆಗೆಯಿರಿ

‘ಇವಿಲ್ ಡೆಡ್’ನಲ್ಲಿ ಕಾಣದ ಶಕ್ತಿಯೊಂದು ಕಾಡಿನ ನೆಲಕ್ಕೆ ತಾಗಿದಂತೆ ಹಾರಿಬರುತ್ತದೆ. ಹಳಿ, ಟ್ರಾಲಿ, ಕ್ಯಾಮೆರಾ ಕುಲುಕದಂತೆ ಮೈಗೆ ಕಟ್ಟಿಕೊಳ್ಳುವ ಸ್ಟೆಡಿಕ್ಯಾಮ್ ಯಾವುದಕ್ಕೂ ನಿರ್ದೇಶಕ ಸ್ಯಾಮ್ ರೈಮಿ ಬಳಿ ದುಡ್ಡಿರಲಿಲ್ಲ. ಮರದ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿ ಇಬ್ಬರು ಹಿಡಿದು ಓಡಿದರು. ಕೈಯಲ್ಲಿ ನೇರವಾಗಿ ಹಿಡಿದರೆ ಪ್ರತಿ ಹೆಜ್ಜೆಯ ಕುಲುಕು ಕ್ಯಾಮೆರಾಕ್ಕೆ ತಾಗುತ್ತದೆ. ಉದ್ದದ ಹಲಗೆಯಲ್ಲಿ ಇಬ್ಬರ ಹೆಜ್ಜೆಯ ಕುಲುಕು ನಡುವೆ ಬರುವಷ್ಟರಲ್ಲಿ ಅರ್ಧಕ್ಕರ್ಧ ತಗ್ಗಿರುತ್ತದೆ.

ನಾಲ್ಕೂವರೆ ಅಡಿ ಉದ್ದ, ನಾಲ್ಕು ಇಂಚು ಅಗಲದ ಹಲಗೆ ತೆಗೆದುಕೊಳ್ಳಿ. ನಟ್ಟನಡುವೆ ಮೊಬೈಲನ್ನು ರಬ್ಬರ್ ಬ್ಯಾಂಡ್ ಮತ್ತು ಟೇಪಿನಿಂದ ಬಿಗಿಯಿರಿ, ಲೆನ್ಸು ಹಲಗೆಯ ಅಂಚಿನಿಂದ ಹೊರಗಿರಲಿ, ಇಲ್ಲದಿದ್ದರೆ ಹಲಗೆಯೇ ಚಿತ್ರದಲ್ಲಿ ಬರುತ್ತದೆ. 0.5 ಎಂದು ತೋರಿಸುವ ಅಗಲ ಲೆನ್ಸ್ ಬಳಸಿ, ಸೆಕೆಂಡಿಗೆ 24 ಫ್ರೇಮ್ ಇಡಿ, ಅಲುಗಾಟ ತಡೆಯುವ ಸೌಲಭ್ಯ ಆಫ್ ಮಾಡಿ. ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಿಡಿದು, ಇಬ್ಬರೂ ಒಂದೇ ಕಾಲಿನಿಂದ ಶುರುಮಾಡದೆ, ಒಬ್ಬರು ಎಡಗಾಲು ಇನ್ನೊಬ್ಬರು ಬಲಗಾಲು ಮುಂದಿಟ್ಟು ಓಡಿ. ಬೆಳಗಿನ ಆರೂವರೆ ಗಂಟೆಗೆ ಯಾವುದಾದರೂ ಅಡಿಕೆ ತೋಟದಲ್ಲೋ ನೀಲಗಿರಿ ತೋಪಿನಲ್ಲೋ ಹತ್ತು ಸಲ ತೆಗೆದರೆ ಎರಡು ಚೆನ್ನಾಗಿ ಬರುತ್ತವೆ. ಒಣಗಿದ ಸೋಗೆ, ಬೇರುಗಳನ್ನು ದಾರಿಯಿಂದ ಮೊದಲೇ ಸರಿಸಿ, ಏಕೆಂದರೆ ಓಡುವಾಗ ಇಬ್ಬರೂ ನೋಡುತ್ತಿರುವುದು ಹಲಗೆಯನ್ನು, ಕಾಲಡಿಯನ್ನಲ್ಲ. ಆಮೇಲೆ ಮನೆಗೆ ಬಂದು, ನಿಮ್ಮ ಶಾಟ್ ಮತ್ತು ಸಿನಿಮಾದ ಕೊನೆಯ ಶಾಟ್ ಅಕ್ಕಪಕ್ಕ ಇಟ್ಟು ನೋಡಿ.